ಅಪ್ಪನ ಎದೆಯ ಬ್ಯಾಕ್ಟೀರಿಯಾ

ಮಾರ್ಚ್ ೩

ಪುಟ್ಟಿಗೆ,

ನನ್ನ ಅಕ್ಷರದ ಗುರುತು ನಿನಗೆ ಸಿಗುತ್ತದೋ ಇಲ್ಲವೋ. ಸಿಗದಿದ್ದರೆ ಕೊನೆಯಲ್ಲಿ ಸಹಿ ಇದೆ, ನೋಡಿಕೋ.

ನಾನು ಎದೆರೋಗದ ಆಸ್ಪತ್ರೆಯಲ್ಲಿದ್ದೇನೆ. ಗಾಬರಿಯಾಗಬೇಡ ಎಂದು ಬರೆಯಲು ಹೊರಟೆ. ನೀನು ಗಾಬರಿಯಾಗುತ್ತೀ ಎಂದುಕೊಳ್ಳುವುದೇ ನನ್ನ ಅಧಿಕಪ್ರಸಂಗ. ಕೆಮ್ಮು ಬಹಳ ಕಾಲದಿಂದ ಇತ್ತು. ಕಬ್ಬಿಣದ ಸೇತುವೆಗಳ ತುಕ್ಕು ಕೆರೆದು ಬಣ್ಣ ಬಳಿಯುವವನಿಗೆ ಕೆಮ್ಮಿಲ್ಲದಿದ್ದರೆ, ಇವನು ಕೆಲಸ ಮಾಡುತ್ತಿದ್ದಾನೋ ಮಲಗಿದ್ದಾನೋ ಎಂದು ಮೇಸ್ತ್ರಿಗೆ ಅನುಮಾನ ಬರುತ್ತದೆ. ಹಾಗಾಗಿ ನಾನು ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ಏಣಿಯ ನಡುವೆ ನಿಂತವನಿಗೆ ಮೇಲಕ್ಕೂ ಹೋಗಲಾಗಲಿಲ್ಲ, ಕೆಳಕ್ಕೂ ಇಳಿಯಲಾಗಲಿಲ್ಲ. ಹಗ್ಗ ಕಟ್ಟಿ ಇಳಿಸಿದರು, ಬಣ್ಣದ ಡಬ್ಬಿ ಇಳಿಸಿದ ಹಾಗೆ.

ಇಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನವಳು. ನನ್ನ ಎದೆಯಲ್ಲಿ ಕೂತಿರುವುದು ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಯಂತೆ. ಯಾವ ಮದ್ದಿಗೂ ಜಗ್ಗುತ್ತಿಲ್ಲ. ಮನೆಯವರು ಯಾರಿದ್ದಾರೆ ಎಂದು ಕೇಳಿದಳು. ಮಗಳಿದ್ದಾಳೆ, ಅವಳೂ ಇಂಥ ಕ್ರಿಮಿಗಳ ಜೊತೆಯೇ ಏನೋ ಮಾಡಿಕೊಂಡಿದ್ದಾಳೆ ಎಂದೆ. ನಿನ್ನ ಸಂಸ್ಥೆಯ ಹೆಸರು ಹೇಳಿದೆನಷ್ಟೇ, ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ಅವರ ಲೇಖನ ನಾನು ಓದಿದೀನಿ! ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು?" ಎಂದು ನನ್ನನ್ನೇ ಗದರಿದಳು.

ನನ್ನ ಕಫದ ಮಾದರಿ ನಿಮ್ಮ ಪ್ರಯೋಗಾಲಯಕ್ಕೆ ಬರುತ್ತಿದೆ. ನಾನಾಗಿ ಕೇಳಿದ್ದಲ್ಲ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ಮೇಲು ಅನ್ನಿಸಿತು. ಫೋನು ಮಾಡಬಹುದಿತ್ತು. ಫೋನಿನಲ್ಲಿ ನನಗಿಂತ ಹೆಚ್ಚು ಕೆಮ್ಮೇ ಮಾತಾಡುತ್ತದೆ.

ನಿನ್ನ ಅಪ್ಪ

*

ಮಾರ್ಚ್ ೧೯

ಅಪ್ಪನಿಗೆ,

ನಿಮ್ಮ ಅಕ್ಷರ ಗುರುತು ಸಿಕ್ಕಿತು.

ಮಾದರಿಯೂ ಬಂದಿದೆ. ಪೆಟ್ಟಿಗೆಯ ಮೇಲೆ ಹೆಸರಿರಲಿಲ್ಲ, ಒಂದು ಸಂಕೇತವಷ್ಟೇ. ಆದರೂ ನಾನು ನಮ್ಮ ಮುಖ್ಯಸ್ಥೆಗೆ ವಿಷಯ ತಿಳಿಸಿದೆ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೈ ನಡುಗಲ್ಲ ತಾನೆ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಕೆಲಸ ನೀನೇ ಮಾಡು. ಆದ್ರೆ ಕೊನೇ ಪರೀಕ್ಷೆ ನಿನ್ನದಲ್ಲ, ಬೇರೆಯವರು ಮಾಡ್ತಾರೆ. ಯಾರ ಮಾದರಿ ಅಂತ ಅವರಿಗೆ ಹೇಳೋ ಹಾಗಿಲ್ಲ" ಎಂದು ಕರಾರು ಹಾಕಿದರು.

ನಾವು ಮಾಡಹೊರಟಿರುವುದು ಇಷ್ಟು. ಬ್ಯಾಕ್ಟೀರಿಯಾಗಳಿಗೂ ಕಾಯಿಲೆ ಬರುತ್ತದೆ. ಅವುಗಳನ್ನು ಮಾತ್ರ ಹಿಡಿದು ಕೊಲ್ಲುವ ವೈರಸ್‌ಗಳಿವೆ. ಮನುಷ್ಯರ ತಂಟೆಗೆ ಅವು ಬರುವುದಿಲ್ಲ. ನಮ್ಮಲ್ಲಿ ಅಂಥವುಗಳ ದೊಡ್ಡ ಸಂಗ್ರಹವಿದೆ, ಮಣ್ಣಿನಿಂದ, ಗೊಬ್ಬರದ ಗುಂಡಿಗಳಿಂದ ಹೆಕ್ಕಿದ್ದು. ನಿಮ್ಮ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥದ್ದು ಅದರಲ್ಲಿದೆಯೇ ಎಂದು ಹುಡುಕುತ್ತೇನೆ. ಸಿಗದೆ ಹೋಗುವ ಸಾಧ್ಯತೆಯೇ ಹೆಚ್ಚು. ಆಸೆ ಇಟ್ಟುಕೊಳ್ಳಬೇಡಿ.

ಉತ್ತರ ಬರೆಯಲೇಬೇಕೆಂದೇನಿಲ್ಲ. ಉಸಿರು ಉಳಿಸಿಕೊಳ್ಳಿ.

ಇಂತು,
ಮಗಳು

*

ಮಾರ್ಚ್ ೨೮

ಪುಟ್ಟಿಗೆ,

ಬರೆಯುವುದಕ್ಕೆ ಉಸಿರು ಬೇಕಾಗುವುದಿಲ್ಲ, ಅದೇ ಅನುಕೂಲ.

ನಿನ್ನ ಕಾಗದದ ತುಂಬ "ನೀವು, ನಿಮ್ಮ." ಇಲ್ಲಿಯ ನರ್ಸೂ ನನಗೆ ನೀವು ಎನ್ನುತ್ತಾಳೆ, ಊಟದ ತಟ್ಟೆ ತರುವವನೂ ನೀವು ಎನ್ನುತ್ತಾನೆ. ಮರ್ಯಾದೆಗೇನೂ ಕೊರತೆಯಿಲ್ಲ.

ನನ್ನನ್ನು ಒಂಟಿ ಕೋಣೆಯಲ್ಲಿಟ್ಟಿದ್ದಾರೆ. ಬರುವವರೆಲ್ಲ ಮೂಗು ಬಾಯಿ ಮುಚ್ಚಿಕೊಂಡೇ ಬರುತ್ತಾರೆ. ಹುಬ್ಬು ನೋಡಿ ಇಂಥವರೆಂದು ಗುರುತು ಹಿಡಿಯುವುದನ್ನು ಕಲಿತಿದ್ದೇನೆ. ಡಾಕ್ಟರ ಎಡಹುಬ್ಬಿನ ಮೇಲೆ ಸಣ್ಣ ಗಾಯದ ಕಲೆಯಿದೆ, ಕೆಟ್ಟ ಸುದ್ದಿ ತಂದ ದಿನ ಅದನ್ನು ಉಜ್ಜಿಕೊಳ್ಳುತ್ತಾಳೆ. ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಕೊಳವೆ. ಯಾವನೋ ಪುಣ್ಯಾತ್ಮ ತುಕ್ಕು ಕೆರೆಯದೆ ಮೇಲೇ ಬಣ್ಣ ಬಳಿದು ಹೋಗಿದ್ದಾನೆ. ದಿನವಿಡೀ ಅದನ್ನೇ ನೋಡಿಕೊಂಡು ಅವನಿಗೆ ಬೈಯುತ್ತಿರುತ್ತೇನೆ. ಹೊತ್ತು ಹೋಗಬೇಕಲ್ಲ.

ನನ್ನ ಬ್ಯಾಕ್ಟೀರಿಯಾ ನೋಡುವುದಕ್ಕೆ ಹೇಗಿದೆ? ಇಷ್ಟು ವರ್ಷ ಒಟ್ಟಿಗಿದ್ದರೂ ಮುಖ ನೋಡಿಲ್ಲ. ನೀನು ಎಲ್ಲಿದ್ದೀ, ಮನೆ ಹೇಗಿದೆ, ಯಾರು ಅಡುಗೆ ಮಾಡುತ್ತಾರೆ?

ನಿನ್ನ ಅಪ್ಪ

*

ಏಪ್ರಿಲ್ ೨೨

ಅಪ್ಪನಿಗೆ,

ತಡವಾಯಿತು. ಹೇಳುವಂಥ ಸುದ್ದಿಯಿರಲಿಲ್ಲ.

ನಿಮ್ಮ ಬ್ಯಾಕ್ಟೀರಿಯಾ ಗಾಜಿನ ತಟ್ಟೆಯ ಮೇಲೆ ಬೆಳೆದರೆ ಕೆನೆಬಣ್ಣಕ್ಕಿರುತ್ತದೆ, ಮುದ್ದೆ ಮಾಡಿ ಬಿಸಾಡಿದ ಕಾಗದದಂತೆ ಸುಕ್ಕು ಸುಕ್ಕು. ಅಲ್ಲಾಡಿಸಿದರೂ ಕರಗದೆ ಗಂಟುಗಂಟಾಗಿ ಕೂಡುತ್ತದೆ. ನಮ್ಮಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬನಿದ್ದಾನೆ, ಸದಾ ಗೊಣಗುವುದರಿಂದ ಗೊಣಗಪ್ಪ ಎಂದೇ ಅವನ ಹೆಸರಾಗಿದೆ. ಅವನು ತಟ್ಟೆ ನೋಡಿ, "ಇದ್ಯಾರದ್ದೋ ಗೊತ್ತಿಲ್ಲಪ್ಪ, ಮಹಾ ಹಟಮಾರಿ" ಎಂದ. ನಾನು ತಟ್ಟೆಗೆ ಮುಚ್ಚಳ ಹಾಕಿದೆ.

ಸಂಗ್ರಹದ ವೈರಸ್‌ಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದನ್ನು ಬಿಟ್ಟರೆ ಉಳಿದವಕ್ಕೆ ಒಳಗೆ ಹೋಗುವುದಕ್ಕೇ ಆಗಲಿಲ್ಲ. ಆ ಒಂದಾದರೂ ಕೊಲ್ಲುವುದಿಲ್ಲ. ಒಳಗೆ ಹೋಗಿ ಮಲಗಿಬಿಡುತ್ತದೆ. ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿಸಿ, ಬಾಡಿಗೆ ಕೊಡದ ಬಾಡಿಗೆದಾರನಂತೆ ಇದ್ದುಬಿಡುತ್ತದೆ. ಹಾಗೆ ಮಲಗಿಸುವುದು ಅದರಲ್ಲಿರುವ ಒಂದೇ ಒಂದು ಜೀನ್. ಅದನ್ನು ಕಿತ್ತುಹಾಕಿದರೆ ವೈರಸ್‌ಗೆ ಮಲಗಲು ಬಾರದು, ಕೊಲ್ಲಲೇಬೇಕು.

ಕೀಳುವುದು ಹೇಗೆ? ಇಲ್ಲಿ ನಮಗೆ ನೆರವಾಗುವುದು ಬ್ಯಾಕ್ಟೀರಿಯಾಗಳದೇ ಒಂದು ವಿದ್ಯೆ. ಅವುಗಳ ಡಿಎನ್‌ಎ ಆಗಾಗ ತುಂಡಾಗುತ್ತಿರುತ್ತದೆ. ತುಂಡಾದಾಗ, ಅದೇ ಬರಹವಿರುವ ಇನ್ನೊಂದು ಎಳೆಯನ್ನು ಹುಡುಕಿ, ಅದಕ್ಕೆ ಹೊಂದಿಸಿ ಬೆಸೆದುಕೊಳ್ಳುತ್ತವೆ. ಅದಕ್ಕೆಂದೇ ಅವುಗಳಲ್ಲಿ ಪ್ರೋಟೀನುಗಳಿವೆ. ಕೆಲವು ವೈರಸ್‌ಗಳ ಬಳಿಯೂ ಇವೆ, ಇನ್ನೂ ಚುರುಕಾದವು. ಅವನ್ನು ಎರವಲು ತಂದು ಒಂದು ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಇರಿಸುತ್ತೇವೆ. ಅದಕ್ಕೆ ಆ ಮಲಗುವ ವೈರಸ್‌ನ ಡಿಎನ್‌ಎಯ ಜೊತೆಗೆ ನಾವೇ ತಯಾರಿಸಿದ ಚಿಕ್ಕ ಡಿಎನ್‌ಎ ತುಂಡನ್ನು ಕೊಡುತ್ತೇವೆ. ತುಂಡಿನ ಒಂದು ತುದಿ ಬೇಡದ ಜೀನಿನ ಎಡಬದಿಗೆ ಹೊಂದುತ್ತದೆ, ಇನ್ನೊಂದು ಬಲಬದಿಗೆ. ನಡುವಿನ ಜೀನ್ ಅದರಲ್ಲಿ ಇರುವುದೇ ಇಲ್ಲ. ಎರಡು ತುದಿ ಹೊಂದಿದರೆ ಸಾಕು, ಆ ಪ್ರೋಟೀನುಗಳು ನಡುವೆ ಏನಿದೆ, ಏನಿಲ್ಲ ಎಂದು ನೋಡದೆ ಬೆಸೆದುಬಿಡುತ್ತವೆ.

ಹೇಳಲು ಸುಲಭ. ನೂರಾರರಲ್ಲಿ ಒಂದೆರಡು ಸರಿಯಾದರೆ ಅದೃಷ್ಟ.

ನಾನಿರುವುದು ಮೂರನೇ ಮಹಡಿಯಲ್ಲಿ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ಇಲ್ಲವೇ ಮಾಡಿಕೊಳ್ಳುವುದಿಲ್ಲ.

ಇಂತು,
ಮಗಳು

*

ಮೇ ೬

ಪುಟ್ಟಿಗೆ,

ನಿನ್ನ ಕಾಗದ ಡಾಕ್ಟರಿಗೂ ಓದಿಸಿದೆ. ತನಗೆ ಪಾಠ ಹೇಳಿದವರು ಇಷ್ಟು ಬಿಡಿಸಿ ಹೇಳಿದ್ದರೆ ಪರೀಕ್ಷೆಯಲ್ಲಿ ಒದ್ದಾಡುತ್ತಿರಲಿಲ್ಲ ಎಂದಳು. ನನ್ನ ಮಗಳು ಎಂದು ನಾನು ಹೇಳಿಕೊಳ್ಳಲಿಲ್ಲ. ಅವಳಿಗೆ ಗೊತ್ತೇ ಇದೆಯಲ್ಲ.

ಕಳೆದ ವಾರ ಕಫದಲ್ಲಿ ಸ್ವಲ್ಪ ರಕ್ತ ಬಂತು. ನರ್ಸ್ ಹೆದರಿದಳು. ನಾನು, "ಕೆಂಪು ಪ್ರೈಮರ್ ಕಣಮ್ಮ, ಬಣ್ಣಕ್ಕೆ ಮುಂಚೆ ಅದನ್ನೇ ಹೊಡೆಯೋದು" ಎಂದೆ. ಅವಳಿಗೆ ನಗು ಬರಲಿಲ್ಲ. ಈಗಿನವರಿಗೆ ತಮಾಷೆ ಅರ್ಥವಾಗುವುದಿಲ್ಲ.

ಆ ಪ್ರೋಟೀನುಗಳ ಬಗ್ಗೆ ಯೋಚಿಸುತ್ತ ಇದ್ದೆ. ಎರಡು ತುದಿ ಹೊಂದಿದರೆ ಸಾಕು, ನಡುವೆ ಏನಿದೆ ಎಂದು ನೋಡುವುದಿಲ್ಲ ಎಂದು ಬರೆದಿದ್ದೀ. ಎಷ್ಟು ಒಳ್ಳೆಯ ಗುಣ. ಮನುಷ್ಯರಿಗೂ ಇರಬೇಕಿತ್ತು.

ನೀನು ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

*

ಮೇ ೧೧

ಅಪ್ಪ,

ಅದು ಬ್ಯಾಕ್ಟೀರಿಯಾ. ನಾನು ಬ್ಯಾಕ್ಟೀರಿಯಾ ಅಲ್ಲ. ನಡುವೆ ಏನಿದೆ ಎಂದು ನಾನು ನೋಡುತ್ತೇನೆ.

ಒಂದು ಸೇತುವೆ ಮುಗಿಯಿತೆಂದರೆ ಇನ್ನೂ ದೂರದ ಸೇತುವೆ ಹಿಡಿಯುತ್ತಿದ್ದೆ ನೀನು. ಹತ್ತಿರದಲ್ಲಿ ನದಿಗಳೇ ಇರಲಿಲ್ಲವೇ? ಚಳಿಗಾಲಕ್ಕೆ ಬರುತ್ತೇನೆ ಎಂದರೆ ಬೇಸಿಗೆಗೆ ಬರುತ್ತಿದ್ದೆ. ಬಂದಾಗ ಹೆಬ್ಬಾಗಿಲಿಗೆ, ಕಿಟಕಿಗೆ, ನನ್ನ ಮಂಚದ ಕಾಲಿಗೆ ಎಲ್ಲ ಹೊಸ ಬಣ್ಣ ಬಳಿದು, ಅದು ಒಣಗುವ ಮೊದಲೇ ಹೊರಡುತ್ತಿದ್ದೆ. ಹಸಿ ಬಣ್ಣದ ವಾಸನೆ ಬಂದರೆ ಅಪ್ಪ ಹೊರಟ ಎಂದೇ ನನಗೆ ಲೆಕ್ಕ. ಶಾಲೆಯಲ್ಲಿ ಯಾರಾದರೂ ಬೆಂಚಿಗೆ ಬಣ್ಣ ಬಳಿದರೂ ನನಗೆ ಅಳು ಬರುತ್ತಿತ್ತು. ಅದು ಯಾಕೆಂದು ಟೀಚರಿಗೆ ಹೇಳಲು ನನಗೆ ಗೊತ್ತಾಗುತ್ತಿರಲಿಲ್ಲ.

ಅಮ್ಮ ಯಾವತ್ತೂ ನಿನ್ನನ್ನು ಬೈದವಳಲ್ಲ. ಕೊನೆಯ ವರ್ಷ ಹಾಸಿಗೆ ಹಿಡಿದಿದ್ದಾಗ ದಿನವಿಡೀ ರೇಡಿಯೋ ಹಚ್ಚಿಕೊಂಡಿರುತ್ತಿದ್ದಳು. ಬೀದಿಯ ತಿರುವಿನಲ್ಲಿ ಬಸ್ಸು ನಿಂತ ಸದ್ದು ಕೇಳಿದರೆ ಕೈ ಚಾಚಿ ರೇಡಿಯೋ ಸಣ್ಣ ಮಾಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ದೊಡ್ಡದು ಮಾಡುತ್ತಿದ್ದಳು.

ಕೆಲಸ ನಡೆಯುತ್ತಿದೆ. ಇದುವರೆಗೆ ಸರಿಹೋಗಿಲ್ಲ.

ಮಗಳು

*

ಜೂನ್ ೪

ಮಾನ್ಯ ಮೇಡಂ,

ನಾನು ನಿಮ್ಮ ತಂದೆಯವರನ್ನು ನೋಡಿಕೊಳ್ಳುತ್ತಿರುವ ವೈದ್ಯೆ. ನಮ್ಮ ವರದಿಗಳು ನಿಮ್ಮ ಮುಖ್ಯಸ್ಥರಿಗೆ ನೇರವಾಗಿ ಬರುತ್ತಿವೆ. ಈ ಕಾಗದ ಬೇರೆ.

ಅವರಿಗೆ ಈಗ ಆಮ್ಲಜನಕದ ಆಸರೆ ಬೇಕಾಗಿದೆ. ಪೆನ್ನು ಹಿಡಿಯುವಷ್ಟು ಶಕ್ತಿಯಿಲ್ಲ. ನಿಮ್ಮ ಕೊನೆಯ ಪತ್ರ ಬಂದಾಗ ಓದಿ ಮಡಚಿ ದಿಂಬಿನ ಕೆಳಗಿಟ್ಟರು. ಅಂದಿನಿಂದ ತಮಾಷೆ ನಿಂತುಹೋಗಿದೆ. ನಾನು ಬರೆದುಕೊಳ್ಳುತ್ತೇನೆ, ನೀವು ಹೇಳಿ ಎಂದೆ. ಬೇಡ ಎಂದು ಕೈಯಾಡಿಸಿದರು. ನಿನ್ನೆ ಮಾತ್ರ, "ಅವಳಿಗೆ ಅವಸರ ಮಾಡಬೇಡಿ" ಎಂದರು.

ಅವರು ಬೇಡವೆಂದರೂ ಕೇಳುತ್ತಿದ್ದೇನೆ. ಎಲ್ಲಿಗೆ ಬಂತು? ನಮಗೆ ಹೆಚ್ಚು ಸಮಯವಿಲ್ಲ.

ವಿಶ್ವಾಸದಿಂದ,
ಎದೆರೋಗ ವಿಭಾಗದ ವೈದ್ಯೆ

*

ಜೂನ್ ೧೭

ಅಪ್ಪ,

ಸಿಕ್ಕಿತು.

ಕೈಗೆ ಆಗದಿದ್ದರೆ ಡಾಕ್ಟರ ಬಳಿ ಓದಿಸಿಕೋ. ಮೊದಲಿಂದ ಹೇಳುತ್ತೇನೆ.

ಮೇ ಪೂರ್ತಿ ಸೋಲೇ ಆಗಿತ್ತು. ವೈರಸ್‌ನ ಡಿಎನ್‌ಎ, ನಾವು ಮಾಡಿದ ತುಂಡು, ಎರಡನ್ನೂ ಆ ನಿರುಪದ್ರವಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ವಿದ್ಯುತ್ತಿನ ಹೊಡೆತ ಕೊಡಬೇಕು. ಆ ಕ್ಷಣ ಅದರ ಗೋಡೆಯಲ್ಲಿ ಬಿರುಕು ಬಿಟ್ಟು ಎರಡೂ ಒಳಗೆ ಹೋಗುತ್ತವೆ. ಹೊಡೆತ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಡಿಮೆಯಾದರೆ ಬಾಗಿಲೇ ತೆರೆಯುವುದಿಲ್ಲ. ಬಾಗಿಲು ತೆರೆದು, ಒಳಗೆ ಹೋಗಿ, ಬದಲಾದವು ಎಂದುಕೊಂಡರೆ ಪರೀಕ್ಷೆಯಲ್ಲಿ ಹಳೆಯ ಜೀನೇ ಹಲ್ಲು ಕಿರಿಯುತ್ತಿತ್ತು. ಕೊನೆಗೆ ತುಂಡಿನ ತುದಿಗಳನ್ನು ಉದ್ದ ಮಾಡಿದೆ, ಹೊಂದಿಕೊಳ್ಳಲು ಇನ್ನಷ್ಟು ಜಾಗ ಸಿಗಲಿ ಎಂದು. ಈ ಸಲ ಒಂದೇ ಒಂದು ಸರಿಯಾಗಿತ್ತು. ಹಳೆಯದರ ಜೊತೆ ಕಲೆತಿತ್ತು, ಮತ್ತೆ ಮತ್ತೆ ಬೆಳೆಸಿ ಬೇರ್ಪಡಿಸಿದೆ.

ಕರಾರಿನಂತೆ ಕೊನೆಯ ಪರೀಕ್ಷೆ ಗೊಣಗಪ್ಪನಿಗೆ ಹೋಯಿತು. ನಿನ್ನ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಹಾಸಿ, ಮೇಲೆ ಹೊಸ ವೈರಸ್‌ನ ಹನಿಗಳನ್ನಿಟ್ಟು ಅವನು ಮನೆಗೆ ಹೋದ. ನಾನು ಅವನ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಸುಮ್ಮನೆ ಗಾಜಿನ ಬಾಟಲಿ ತೊಳೆಯುತ್ತಿದ್ದೆ, ತೊಳೆದದ್ದನ್ನೇ ತೊಳೆಯುತ್ತಿದ್ದೆ. ಕೆಲವು ದಿನ ಕಾಯಬೇಕು, ಅದು ಬೆಳೆಯುವುದಕ್ಕೆ. ಇವತ್ತು ಬೆಳಗ್ಗೆ ಅವನು ತಟ್ಟೆಗಳನ್ನು ಬೆಳಕಿಗೆ ಹಿಡಿದು, ಮೊದಲ ಬಾರಿಗೆ ಗೊಣಗದೆ, "ಮೇಡಂ, ಇಲ್ಲಿ ಬನ್ನಿ" ಎಂದ.

ಹನಿ ಬಿದ್ದಲ್ಲೆಲ್ಲ ತೂತು, ಅಪ್ಪ. ಆ ಸುಕ್ಕುಸುಕ್ಕಾದ ಹಾಸಿನ ಮೇಲೆ ನೀರಿನಷ್ಟು ತಿಳಿಯಾದ ವೃತ್ತಗಳು. ಆಚೆ ಹಿಡಿದ ಗೊಣಗಪ್ಪನ ಬೆರಳು ಕಾಣುತ್ತಿತ್ತು.

ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟರು. ಗೊಣಗಪ್ಪ ಅವರನ್ನು ನೋಡಿದ, ನನ್ನನ್ನು ನೋಡಿದ. "ಇದು... ನಿಮ್ಮ ಮನೆಯವರದ್ದಾ?" ಎಂದ. "ನಮ್ಮಪ್ಪಂದು" ಎಂದೆ. ಗೊಣಗಪ್ಪ ಹೋಗಿ ಎಲ್ಲರಿಗೂ ಚಹಾ ತಂದ.

ಇನ್ನು ವೈರಸ್ಸನ್ನು ಬೆಳೆಸಿ, ಶುದ್ಧ ಮಾಡಬೇಕು, ಬ್ಯಾಕ್ಟೀರಿಯಾದ ಒಂದು ಚೂರೂ ಉಳಿಯದ ಹಾಗೆ. ಒಪ್ಪಿಗೆಗಳು ಆಗಬೇಕು. ಅವಸರ ಮಾಡಬೇಡಿ ಎಂದು ಹೇಳಿದೆಯಂತೆ. ಮಾಡುತ್ತೇನೆ. ನೀನು ಅಲ್ಲಿಯವರೆಗೆ ಇರು.

ಮಗಳು

*

ಜುಲೈ ೨೬

ಪುಟ್ಟಿ,

ಅಕ್ಷರ ಓರೆಯಾದರೆ ಬೈಯಬೇಡ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ವೈರಸ್ ಬಂತು. ಇಷ್ಟು ದೊಡ್ಡ ಪೆಟ್ಟಿಗೆ, ಹೊಗೆಯಾಡುವ ಐಸು, ಅದರೊಳಗೆ ಕಿರುಬೆರಳಿನಷ್ಟು ಸೀಸೆಗಳು. ಇಡೀ ವಾರ್ಡು ಬಾಗಿಲ ಬಳಿ ನಿಂತಿತ್ತು, ಏನೋ ದೊಡ್ಡ ವಿದ್ಯಮಾನ ನಡೆಯುತ್ತದೆ ಎಂದು. ಕೈಯ ನರಕ್ಕೆ ಹಾಕಿದರು. "ಏನನ್ನಿಸ್ತಿದೆ?" ಎಂದು ಡಾಕ್ಟರು ಕೇಳಿದಳು. "ಹಸಿವು" ಎಂದೆ. ಎಲ್ಲರಿಗೂ ನಿರಾಸೆಯಾಯಿತು. ಸಂಜೆ ಚಳಿಜ್ವರ ಬಂದು ಹಲ್ಲು ಕಟಕಟ ಎಂದಾಗ ಅವರಿಗೆ ಸ್ವಲ್ಪ ಸಮಾಧಾನವಾಗಿರಬೇಕು. ಎರಡನೆಯ ದಿನದಿಂದ ಜ್ವರವಿಲ್ಲ. ದಿನಕ್ಕೆರಡು ಸಲ ಕೊಡುತ್ತಿದ್ದಾರೆ, ಹಳೆಯ ಮದ್ದುಗಳೂ ಜೊತೆಗಿವೆ.

ನಿನ್ನೆ ಮೂಗಿನ ಕೊಳವೆ ತೆಗೆದು ಸ್ವಲ್ಪ ಹೊತ್ತು ಕೂತಿದ್ದೆ.

ಈಗ ನೀನು ನೀನು ಎಂದೇ ಬರೆಯುತ್ತಿದ್ದೀ. ಬೈಯುವ ನೆಪದಲ್ಲಿ ಶುರುವಾದದ್ದು ಹಾಗೇ ಉಳಿಯಿತು. ನಿಲ್ಲಿಸಬೇಡ.

ನಿಮ್ಮಮ್ಮನ ರೇಡಿಯೋದ ವಿಷಯ ನೀನು ಬರೆದಿದ್ದೆ. ಓದಿದೆ.

ನಿನ್ನ ಅಪ್ಪ

*

ಸೆಪ್ಟೆಂಬರ್ ೩೦

ಅಪ್ಪ,

ನಿನ್ನ ಇತ್ತೀಚಿನ ಕಫದ ಮಾದರಿಗಳನ್ನು ತಟ್ಟೆಗೆ ಹಾಕಿ ಕಾದೆವು. ಏನೂ ಬೆಳೆಯಲಿಲ್ಲ. ಮತ್ತೆ ಹಾಕಿದೆವು. ಮತ್ತೂ ಏನಿಲ್ಲ. ಮೇಡಂ ಎಚ್ಚರಿಕೆಯ ಮನುಷ್ಯರು, "ಗುಣವಾಗಿದೆ ಅನ್ಬೇಡ, ಕಾಣಿಸ್ತಿಲ್ಲ ಅನ್ನು" ಎನ್ನುತ್ತಾರೆ. ಆಗಲಿ, ಕಾಣಿಸುತ್ತಿಲ್ಲ. ಮೊಂಡುಬಿದ್ದು ಮತ್ತೆ ಬಂದರೆ ಎಂದು ಇನ್ನೊಂದು ವೈರಸ್ಸನ್ನೂ ತಯಾರು ಮಾಡಿಡುತ್ತಿದ್ದೇನೆ.

ಒಂದು ವಿಚಿತ್ರ ಹೇಳಲೇ? ಖಾಲಿ ತಟ್ಟೆ ನೋಡಿ ಖುಷಿಯಾಗಬೇಕಿತ್ತು. ಆಯಿತು ಕೂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಮೇಜಿನ ಮುಂದೆ ಕೂತಾಗ, ಇನ್ನು ನಾಳೆ ಬೆಳಗ್ಗೆ ಬಂದು ನಾನು ನೋಡಬೇಕಾದದ್ದು ಏನು ಎಂದು ತಿಳಿಯಲಿಲ್ಲ. ಮಾರ್ಚ್‌ನಿಂದ ದಿನಾ ನಿನ್ನದೊಂದು ತುಣುಕು ನನ್ನೆದುರು ಇತ್ತು. ಚಿಕ್ಕಂದಿನಲ್ಲಿ ಸಹ ನೀನು ಅಷ್ಟು ದಿನ ಒಟ್ಟಿಗೆ ಇದ್ದದ್ದಿಲ್ಲ.

ಡಾಕ್ಟರು ಬಿಡುತ್ತಾರೆ ಎಂದಾದ ಮೇಲೆ ನೀನು ಇಲ್ಲಿಗೆ ಬಾ. ಹಿಂದಿನ ಕೋಣೆಯಲ್ಲಿ ನನ್ನ ಪುಸ್ತಕಗಳು ಬಿದ್ದುಕೊಂಡಿದ್ದವು, ತೆಗೆದಿದ್ದೇನೆ. ಮಂಚ ತಂದಿದ್ದೇನೆ. ಕಿಟಕಿಗೆ ಬೆಳಕು ಚೆನ್ನಾಗಿದೆ, ಕೆಳಗೆ ಬೀದಿಯಲ್ಲಿ ಜನ ಓಡಾಡುವುದು ಕಾಣುತ್ತದೆ, ಗೋಡೆಯಲ್ಲ. ಲಿಫ್ಟ್ ಇದೆ, ಮೆಟ್ಟಿಲ ಚಿಂತೆಯಿಲ್ಲ. ಮದ್ದು ಇನ್ನೂ ಬಹಳ ದಿನ ನಡೆಯಬೇಕು, ಒಬ್ಬರಾದರೂ ಜೊತೆಯಲ್ಲಿರಬೇಕು.

ಮಗಳು

*

ಅಕ್ಟೋಬರ್ ೧೨

ಪುಟ್ಟಿ,

ಡಾಕ್ಟರು ಒಪ್ಪಿದ್ದಾಳೆ. ಈ ತಿಂಗಳ ಕೊನೆಯ ಶನಿವಾರ ಬಿಡುಗಡೆ. ಸಂಜೆಯ ರೈಲಿಗೆ ಬರುತ್ತೇನೆ. ನೀನು ನಿಲ್ದಾಣಕ್ಕೆ ಬರಬೇಕೆಂದಿಲ್ಲ, ಮನೆ ಹುಡುಕಿಕೊಳ್ಳುತ್ತೇನೆ. ಬರುತ್ತೇನೆಂದರೆ ಬೇಡ ಎನ್ನುವುದಿಲ್ಲ.

ಅಪ್ಪ

*

ನವೆಂಬರ್ ೨

ಅಪ್ಪ,

ಈ ಕಾಗದವನ್ನು ಆಸ್ಪತ್ರೆಗೇ ಕಳಿಸುತ್ತಿದ್ದೇನೆ. ನೀನು ಎಲ್ಲಿದ್ದೀಯೋ ಅಲ್ಲಿಗೆ ಡಾಕ್ಟರು ಮುಟ್ಟಿಸಿಯಾರು.

ರೈಲು ಬಂತು. ಎಲ್ಲರೂ ಇಳಿದರು. ಮೊದಲು ಯುವಕರು, ಆಮೇಲೆ ಮಕ್ಕಳನ್ನು ಎತ್ತಿಕೊಂಡವರು, ಆಮೇಲೆ ಮುದುಕರು. ನಿಧಾನಕ್ಕೆ ಇಳಿಯುತ್ತೀ ಎಂದು ನಿಂತೆ. ಕೊನೆಗೆ ಬೋಗಿಗಳನ್ನು ಗುಡಿಸುವವಳು ಇಳಿದಳು. "ಒಳಗೆ ಯಾರಾದ್ರೂ ಇದಾರಾ?" ಎಂದು ಕೇಳಿದೆ. "ಯಾರೂ ಇಲ್ಲ ಕಣಮ್ಮ" ಎಂದಳು.

ಆಸ್ಪತ್ರೆಗೆ ಫೋನು ಮಾಡಿದೆ. ಬೆಳಗ್ಗೆಯೇ ಚೀಲ ಹಿಡಿದು, ಮದ್ದು ತೆಗೆದುಕೊಂಡು, ಎಲ್ಲರಿಗೂ ಕೈಮುಗಿದು ಹೋದೆಯಂತೆ. ದಾರಿಯಲ್ಲಿ ಬಿದ್ದೆಯೋ ಏನೋ ಎಂದು ಭಾನುವಾರವಿಡೀ ಸಿಕ್ಕಸಿಕ್ಕ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿದೆ.

ಬದುಕಿದ್ದೀಯ ಎಂದು ಮಾತ್ರ ತಿಳಿಸು. ಬೇರೇನೂ ಬೇಡ.

ಮಗಳು

*

ನವೆಂಬರ್ ೨೧

ಪುಟ್ಟಿ,

ಬದುಕಿದ್ದೇನೆ. ಮದ್ದು ತಪ್ಪಿಸಿಲ್ಲ.

ನನ್ನ ಜೊತೆ ಏಣಿ ಹತ್ತಿದವನೊಬ್ಬ ಈಗ ದೊಡ್ಡ ಮೇಸ್ತ್ರಿಯಾಗಿದ್ದಾನೆ. ಅವನ ಸೇತುವೆ ಕೆಲಸದ ಬಣ್ಣದ ಉಗ್ರಾಣ ನೋಡಿಕೊಳ್ಳುತ್ತಿದ್ದೇನೆ. ಉಗ್ರಾಣವೆಂದರೆ ನದಿದಂಡೆಯ ಒಂದು ತಗಡಿನ ಮನೆ. ಹತ್ತುವುದಿಲ್ಲ, ಕೆರೆಯುವುದಿಲ್ಲ, ಡಬ್ಬಿ ತೆರೆಯುವುದೂ ಇಲ್ಲ. ಡಾಕ್ಟರಿಗೆ ತಿಳಿಸಿದ್ದೇನೆ. ಫೋನಿನಲ್ಲೇ ಚೆನ್ನಾಗಿ ಉಗಿದಳು, ಆಮೇಲೆ ಹತ್ತಿರದ ಆಸ್ಪತ್ರೆಯ ವಿಳಾಸ ಕೊಟ್ಟಳು. ಅಲ್ಲಿ ತಪ್ಪದೆ ಕಫ ಕೊಡುತ್ತಿದ್ದೇನೆ.

ಅವತ್ತು ರೈಲು ಹತ್ತಿದ್ದೆ. ಕಿಟಕಿಯ ಸೀಟೂ ಸಿಕ್ಕಿತ್ತು. ನಿನ್ನ ಹಿಂದಿನ ಕೋಣೆ, ಮಂಚ, ಲಿಫ್ಟು ಎಲ್ಲ ಕಣ್ಣಿಗೆ ಕಟ್ಟಿತು. ನೀನು ಬೆಳಗ್ಗೆ ಎದ್ದು ನನ್ನ ಕೆಮ್ಮು ಕೇಳಿಸಿಕೊಳ್ಳುತ್ತೀ, ಉಸಿರು ಎಣಿಸುತ್ತೀ, ಮದ್ದು ನೆನಪಿಸುತ್ತೀ. ಬಹಳ ಚೆನ್ನಾಗಿ ನೋಡಿಕೊಳ್ಳುತ್ತೀ. ರೈಲು ಹೊರಡುವ ಮುನ್ನ ಇಳಿದುಬಿಟ್ಟೆ. ಯಾಕೆಂದು ಬರೆಯಲು ಕೂತು ಹಾಳೆಗಳನ್ನು ಹರಿದಿದ್ದೇನೆ. ಬರೆದದ್ದು ಯಾವುದೂ ನನ್ನ ಕಣ್ಣಿಗೇ ಸರಿಕಾಣಲಿಲ್ಲ.

ಇಲ್ಲಿ ಬೆಳಗಿನ ಹೊತ್ತು ನದಿಯ ಮೇಲೆ ಮಂಜು ಕೂತಿರುತ್ತದೆ. ಸೇತುವೆಯ ಮೇಲರ್ಧ ಮಾತ್ರ ಕಾಣುತ್ತದೆ.

ನಿನ್ನ ಅಪ್ಪ

*

ಜನವರಿ ೧೯

ಅಪ್ಪ,

ನಿನ್ನ ಮಾದರಿಗಳು ಇಲ್ಲಿಗೂ ಬಂದವು. ಈಗಲೂ ಏನೂ ಬೆಳೆದಿಲ್ಲ.

ಬೇರೆ ಕಡೆಯಿಂದ ಹೊಸ ಮಾದರಿಯೊಂದು ಬಂದಿದೆ. ಶಾಲೆಗೆ ಹೋಗುವ ಹುಡುಗಿಯದಂತೆ. ಅದೇ ಜಾತಿಯ ಬ್ಯಾಕ್ಟೀರಿಯಾ, ಆದರೆ ನಿನ್ನ ವೈರಸ್ ಅದನ್ನು ಮುಟ್ಟುವುದೂ ಇಲ್ಲ. ಪ್ರತಿಯೊಬ್ಬರದನ್ನೂ ಮೊದಲಿಂದ ಹುಡುಕಬೇಕು. ಬೆಸೆಯುವ ವಿಧಾನ ಮಾತ್ರ ಅದೇ, ಈಗ ಕೈಗೆ ಕುದುರಿದೆ. ನಿನಗೆ ತಿಂಗಳುಗಟ್ಟಲೆ ಹಿಡಿದದ್ದು ಅವಳಿಗೆ ಬೇಗ ಆಗಬಹುದು. ಅವಳ ಅಮ್ಮ ದಿನಾ ಮೇಡಂಗೆ ಫೋನು ಮಾಡುತ್ತಾರೆ. ನನ್ನ ಕೈಗೆ ಕೊಟ್ಟರೆ, ಆಸೆ ಇಟ್ಟುಕೊಳ್ಳಬೇಡಿ ಎಂದುಬಿಡುತ್ತೇನೆ. ಫೋನು ಇಟ್ಟ ಮೇಲೆ ಬೇಜಾರಾಗುತ್ತದೆ.

ಹಿಂದಿನ ಕೋಣೆಯಲ್ಲಿ ಮತ್ತೆ ಪುಸ್ತಕ ತುಂಬಿಲ್ಲ. ಹಾಗೇ ಇದೆ. ಭಾನುವಾರಗಳಲ್ಲಿ ಅಲ್ಲಿ ಕೂತು ಬೀದಿ ನೋಡುತ್ತೇನೆ.

ನದಿದಂಡೆಯಲ್ಲಿ ಚಳಿ ಜಾಸ್ತಿ. ತಗಡಿನ ಮನೆಯೊಳಗೆ ಇದ್ದಲು ಹಚ್ಚಿಕೊಂಡು ಬಾಗಿಲು ಮುಚ್ಚಬೇಡ. ಎದೆ ಬೆಚ್ಚಗಿಟ್ಟುಕೋ.

ಮಗಳು

*

ಫೆಬ್ರವರಿ ೨

ಪುಟ್ಟಿ,

ತಗಡಿನ ಮನೆಯೊಳಗೆ ನಾನು ಇದ್ದಲು ಹಚ್ಚುತ್ತೇನೆ ಎಂದು ನಾನು ಯಾವ ಕಾಗದದಲ್ಲೂ ಬರೆದಿರಲಿಲ್ಲ.

ನಿನ್ನ ಕಾಗದ ಓದಿ ಗೇಟಿನವನ ಹತ್ತಿರ ಹೋದೆ. "ನನ್ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರೇನಪ್ಪ?" ಎಂದೆ. ಅವನು ತಲೆ ಕೆರೆದುಕೊಂಡ. "ನಿಮ್ಮನ್ನ ನೋಡ್ಬೇಕು ಅಂತ ಯಾರೂ ಬರ್ಲಿಲ್ಲ. ಜನವರಿ ಮೊದಲಲ್ಲಿ ಒಬ್ಬ ಮೇಡಂ ಬಂದಿದ್ರು. ಉಗ್ರಾಣದವರು ದಿಬ್ಬ ಹತ್ತುವಾಗ ನಡುವೆ ನಿಲ್ತಾರಾ, ಮಲಗಿದ್ರೆ ಕೆಮ್ತಾರಾ, ಬೆಂಕಿ ಎಲ್ಲಿ ಹಾಕ್ಕೋತಾರೆ ಅಂತೆಲ್ಲ ಕೇಳಿದ್ರು. ಆರೋಗ್ಯ ಇಲಾಖೆಯವರು ಇರ್ಬೇಕು ಅಂದ್ಕೊಂಡೆ. ಒಳಗೆ ಬನ್ನಿ ಅಂದೆ. ಬೇಡ ಅಂತ ತಂತಿಬೇಲಿ ಹತ್ರಾನೇ ನಿಂತಿದ್ರು, ಆಮೇಲೆ ಹೊರಟುಹೋದ್ರು."

ನನ್ನ ಉಸಿರು ವಿಚಾರಿಸುವವರು ಈ ಭೂಮಿಯ ಮೇಲೆ ಇಬ್ಬರೇ. ಡಾಕ್ಟರು ಬಂದಿದ್ದರೆ ಬೇಲಿ ಹಾರಿಯಾದರೂ ಒಳಗೆ ಬಂದು ಬೈದು ಹೋಗುತ್ತಿದ್ದಳು.

ನಾನು ಅವತ್ತು ಏನು ಮಾಡುತ್ತಿದ್ದೆ ಎಂದು ಗೇಟಿನವನನ್ನು ಕೇಳಿದೆ. ಸೇತುವೆಯ ತುದಿಯಲ್ಲಿ ಬಣ್ಣ ಬಳಿಯುತ್ತಿದ್ದವರ ಜೊತೆ ಕೆಳಗಿನಿಂದ ಕೂಗಾಡಿಕೊಂಡು ನಗುತ್ತಿದ್ದೆನಂತೆ. ನೀನು ಅದನ್ನು ನೋಡಿದೆಯಂತೆ, ಬಹಳ ಹೊತ್ತು. ಅಷ್ಟು ದೂರ ರೈಲಿನಲ್ಲಿ ಬಂದು, ನೋಡಿ, ಹಾಗೇ ಹೋದೆ. ಇಲ್ಲಿಂದ ನಿಲ್ದಾಣದವರೆಗೆ ಬಸ್ಸಿಲ್ಲ. ನಡೆದೇ ಹೋಗಿರಬೇಕು.

ನಿನ್ನೆ ನಾನೂ ಆ ಬೇಲಿಯ ಹತ್ತಿರ ಹೋಗಿ ನಿಂತೆ, ಅಲ್ಲಿಂದ ನಾನು ಹೇಗೆ ಕಾಣುತ್ತೇನೋ ನೋಡೋಣ ಎಂದು. ಅಲ್ಲಿ ನಾನಿರಲಿಲ್ಲವಲ್ಲ, ಉಗ್ರಾಣದ ತೆರೆದ ಬಾಗಿಲು ಮಾತ್ರ ಕಂಡಿತು. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಮುಂದಿನ ಸಲ ಹಾಗೆ ಹೋಗಬೇಡ. ಒಳಗೆ ಬರಲು ಮನಸ್ಸಿಲ್ಲದಿದ್ದರೆ ಬೇಡ, ಬೇಲಿಯ ಆಚೆಯಿಂದಲೇ ಒಮ್ಮೆ ಕೂಗು. ನಾನು ಎಲ್ಲಿದ್ದರೂ ಓಗೊಡುತ್ತೇನೆ. ಅಷ್ಟು ಉಸಿರು ಈಗ ಇದೆ.

ನಿನ್ನ ಅಪ್ಪ